ಲೋಟದ ಮೇಲೆ ಅರ್ಧ ಇಂಚಿನ ಮೇಣದಬತ್ತಿ

ಹೋದ ವರ್ಷ ನವರಾತ್ರಿಯ ಮೂರನೇ ದಿನ ಸಂಜೆ "ಗೊಂಬೆ ಕೂರಿಸಿದ್ದೀರಾ?" ಅಂತ ಕೇಳಿಕೊಂಡು ನಮ್ಮ ಬೀದಿಯ ಮಕ್ಕಳು ಬಂದರು. ಪಟ್ಟದ ಗೊಂಬೆಗಳಿಗೆ ನಾನು ಹೊಸ ರೇಷ್ಮೆ ಉಡಿಸಿದ್ದನ್ನು ಯಾರೂ ನೋಡಲಿಲ್ಲ. ಶೆಟ್ಟರ ಅಂಗಡಿಯನ್ನೂ ನೋಡಲಿಲ್ಲ. ಎಲ್ಲಾ ಹೋಗಿ ಕೆಳಗೆ ಬಲಗಡೆ ಇಟ್ಟಿದ್ದ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತವು. ನನಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಬೆರಳು ತೋರಿಸಿ ಕೇಳಿದಳು: "ಆಂಟಿ, ಲೋಟದ ಮೇಲೆ ಸೀಮೆಸುಣ್ಣ ಯಾಕೆ ನಿಲ್ಲಿಸಿದ್ದೀರಾ?"

ಅದು ಸೀಮೆಸುಣ್ಣ ಅಲ್ಲ, ಮೇಣದಬತ್ತಿ. ಅಂದರೆ, ಹಲ್ಲುಕಡ್ಡಿಗೆ ಬಿಳಿ ಬಣ್ಣ ಬಳಿದು ನಾನು ಮೇಣದಬತ್ತಿ ಅಂದುಕೊಂಡಿದ್ದೆ. ಆ ಮಗುವಿಗೆ ಚಕ್ಕುಲಿ, ರವೆಉಂಡೆ ಕೊಟ್ಟು ಕಳಿಸಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಸೀಮೆಸುಣ್ಣವೇ.

ಪೆಟ್ಟಿಗೆಯೊಳಗೆ ಇದ್ದದ್ದು 1987ರ ನಮ್ಮ ಹಾಸನದ ಬಾಡಿಗೆ ಮನೆಯ ನಡುಮನೆ. ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ. ಲಿಂಗನಮಕ್ಕಿಯಲ್ಲಿ ನೀರಿಲ್ಲ ಅನ್ನುವುದು ದೊಡ್ಡವರ ಬಾಯಲ್ಲಿ ದಿನಾ ಇರುತ್ತಿದ್ದ ಮಾತು, ಸಂಜೆಯಾದರೆ ಕರೆಂಟು ಹೋಗುವುದೂ ಅಷ್ಟೇ ಖಾತ್ರಿ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹರಿಸಿದ ನಾಡು ನಮ್ಮದು, 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು ಎಂದೆಲ್ಲ ನಾನು ಉರು ಹೊಡೆದದ್ದು ಮೇಣದಬತ್ತಿಯ ಬೆಳಕಿನಲ್ಲಿ. ಅಪ್ಪ ಸ್ಟೀಲ್ ಲೋಟವನ್ನು ಬೋರಲು ಹಾಕಿ, ತಳದ ಮೇಲೆ ಎರಡು ಹನಿ ಮೇಣ ಬೀಳಿಸಿ, ಬತ್ತಿ ಒತ್ತಿ ಹಿಡಿದು ನಿಲ್ಲಿಸುತ್ತಿದ್ದರು. ನಾನು ಈ ಕಡೆ, ತಮ್ಮ ಆ ಕಡೆ. ನಿದ್ದೆಗಣ್ಣಲ್ಲಿ ತಲೆ ಮುಂದಕ್ಕೆ ಬಿದ್ದರೆ ಮುಂಗೂದಲು ಚರ್ ಅನ್ನುತ್ತಿತ್ತು. ಆ ವಾಸನೆ ಅಡುಗೆಮನೆಯಲ್ಲಿದ್ದ ಅಮ್ಮನಿಗೆ ತಲುಪಿದರೆ ಬೈಗುಳ.

ಈ ದೃಶ್ಯವನ್ನು ಗೊಂಬೆಹಬ್ಬಕ್ಕೆ ಇಡಬೇಕು ಅನ್ನುವುದು ನನ್ನ ಹುಚ್ಚು. ಒಂದು ಅಡಿಗೆ ಒಂದು ಇಂಚು ಲೆಕ್ಕ. ಹತ್ತಡಿಯ ಕೋಣೆ ಹತ್ತು ಇಂಚಾಗುತ್ತದೆ. ಮೇಜು, ಚಾಪೆ, ಗೋಡೆಯ ಕ್ಯಾಲೆಂಡರ್, ಕಿಟಕಿಯ ಸರಳು ಎಲ್ಲ ಸಲೀಸಾಗಿ ಆದವು. ಮಾಡಿ ಮುಗಿಸಲು ಆಗದೆ ಹತ್ತು ತಿಂಗಳು ನನ್ನನ್ನು ಸತಾಯಿಸಿದ್ದು ಈ ಮೇಣದಬತ್ತಿ ಒಂದೇ. ಆರು ಇಂಚಿನ ಬತ್ತಿ ಅರ್ಧ ಇಂಚಾಗಬೇಕು, ಅಂದರೆ ಹನ್ನೆರಡೂವರೆ ಮಿಲಿಮೀಟರ್ ಚಿಲ್ಲರೆ. ದಪ್ಪ ಒಂದೂವರೆ ಮಿಲಿ, ಬೆಂಕಿಕಡ್ಡಿಗಿಂತ ಸಣ್ಣ. ಹುಟ್ಟುಹಬ್ಬದ ಕೇಕಿಗೆ ಚುಚ್ಚುವ ಬತ್ತಿ ನಮಗೆ ತೆಳ್ಳಗೆ ಕಾಣುತ್ತದಲ್ಲ, ಅದನ್ನು ತಂದು ಈ ಕೋಣೆಯಲ್ಲಿ ನಿಲ್ಲಿಸಿದರೆ ಚರ್ಚಿನ ಕಂಬದ ಹಾಗಾಯಿತು.

ಮೇಣದಬತ್ತಿ ಅಂದ ಮೇಲೆ ಮೇಣದಲ್ಲೇ ಮಾಡಬೇಕು ಅಂತ ಮೊದಲು ಹಟ ಹಿಡಿದೆ. ಹೊಲಿಗೆ ದಾರವನ್ನು ಬಿಡಿಸಿ ಒಂದೇ ಎಳೆ ತೆಗೆದು, ಕರಗಿದ ಮೇಣದಲ್ಲಿ ಅದ್ದಿ, ಆರಿಸಿ, ಮತ್ತೆ ಅದ್ದಿ. ದೊಡ್ಡ ಬತ್ತಿಗಳನ್ನು ಹಿಂದೆ ಹೀಗೇ ಮಾಡುತ್ತಿದ್ದರು. ಆದರೆ ಮೇಣ ಸ್ವಲ್ಪ ಜಾಸ್ತಿ ಕಾದಿದ್ದರೆ ಎರಡನೇ ಅದ್ದಿಗೆ ಮೊದಲಿನ ಪದರವೇ ಕರಗಿ ಹೋಗುತ್ತದೆ. ಕಮ್ಮಿ ಕಾದಿದ್ದರೆ ಗಂಟುಗಂಟು. ಹದ ಸಿಕ್ಕಿದರೂ ಪ್ರತಿ ಸಲ ತುದಿಯಲ್ಲಿ ಒಂದು ಹನಿ ನೇತಾಡುತ್ತದೆ. ನಾವು ಮೇಜು ಕುರ್ಚಿಯನ್ನು ಹನ್ನೆರಡು ಪಟ್ಟು ಚಿಕ್ಕದು ಮಾಡಬಹುದು, ಮೇಣದ ಹನಿ ಮಾತ್ರ ತನ್ನ ಗಾತ್ರವನ್ನು ಬಿಟ್ಟುಕೊಡುವುದಿಲ್ಲ. ಬತ್ತಿಯಷ್ಟೇ ದಪ್ಪದ ಹನಿ ಬುಡದಲ್ಲಿ ನಿಂತು, ನೋಡಿದರೆ ಮೇಣದಬತ್ತಿಗೆ ಗೂಟ ಕಟ್ಟಿದಂತೆ.

ಅದರಲ್ಲೇ ಚೆನ್ನಾಗಿ ಬಂದ ಒಂದನ್ನು ಅಡುಗೆಮನೆಯ ಕಟ್ಟೆಯ ಮೇಲೆ ನಿಲ್ಲಿಸಿ ಹಚ್ಚಿಯೂ ನೋಡಿದೆ. ಜ್ವಾಲೆ ಬತ್ತಿಯಷ್ಟೇ ಎತ್ತರ ಎದ್ದಿತು! ನಾನು "ಬನ್ರೀ ಇಲ್ಲಿ" ಅಂತ ಯಜಮಾನರನ್ನು ಕೂಗಿ ಅವರು ಪೇಪರ್ ಮಡಚಿಟ್ಟು ಬರುವಷ್ಟರಲ್ಲಿ ಕಟ್ಟೆಯ ಮೇಲೆ ಒಂದು ಚುಕ್ಕೆ ಮೇಣ, ಒಂದು ಎಳೆ ಹೊಗೆ. ದೊಡ್ಡ ಬತ್ತಿಯಲ್ಲಿ ಜ್ವಾಲೆಯ ಬಿಸಿಗೆ ಮೇಲಿನ ಸ್ವಲ್ಪ ಭಾಗ ಮಾತ್ರ ಕರಗಿ ಕೆಳಗಿನದು ಗಟ್ಟಿಯಾಗಿ ನಿಂತಿರುತ್ತದೆ. ಇಷ್ಟು ಪುಟಾಣಿಗೆ ಆ ಮೇಲೆ ಕೆಳಗೆ ಅನ್ನುವುದೇ ಇಲ್ಲ, ಇಡೀ ಬತ್ತಿ ಒಟ್ಟಿಗೇ ಕರಗುತ್ತದೆ. ಉಳಿದವುಗಳನ್ನು ಒಂದು ಡಬ್ಬದಲ್ಲಿ ಹಾಕಿ ಮಹಡಿ ಮೇಲಿನ ಶೀಟು ಹೊದಿಸಿದ ಕೋಣೆಯಲ್ಲಿಟ್ಟಿದ್ದೆ. ಏಪ್ರಿಲ್‌ನಲ್ಲಿ ತೆಗೆದು ನೋಡಿದರೆ ಎಲ್ಲವೂ ಶಾವಿಗೆಯಂತೆ ಬಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲಿಗೆ ಮೇಣದ ಸಹವಾಸ ಸಾಕಾಯಿತು.

ನಡುವೆ ವೈರಿನ ಬಿಳಿ ಪ್ಲಾಸ್ಟಿಕ್ ಸಿಪ್ಪೆಯನ್ನೂ ಪ್ರಯತ್ನಿಸಿದೆ. ತಾಮ್ರ ಎಳೆದು ಅಲ್ಲಿ ದಾರ ತೂರಿಸಿದರೆ ಒಂದೇ ನಿಮಿಷದಲ್ಲಿ ಬತ್ತಿ ತಯಾರು. ಅವಸರಕ್ಕೆ ಅಡ್ಡಿಯಿಲ್ಲ, ದೂರದಿಂದ ನೋಡುವವರಿಗೆ ಸಾಕು. ಆದರೆ ಪ್ಲಾಸ್ಟಿಕ್ಕಿನ ಮೇಲೆ ಬೆಳಕು ಜಾರುತ್ತದೆ, ಮೇಣದೊಳಕ್ಕೆ ಬೆಳಕು ಇಳಿಯುತ್ತದೆ. ಆ ವ್ಯತ್ಯಾಸ ಒಂದು ಸಲ ಕಣ್ಣಿಗೆ ಬಿದ್ದರೆ ಮುಗಿಯಿತು.

ಕೊನೆಗೆ ಕೈಹಿಡಿದದ್ದು ಪಾಲಿಮರ್ ಕ್ಲೇ, ಅಂದರೆ ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿ. ಬರೀ ಬಿಳಿ ತೆಗೆದುಕೊಂಡರೆ ಮತ್ತೆ ಸೀಮೆಸುಣ್ಣವೇ. ಅರೆಪಾರದರ್ಶಕದ್ದು ಅಂತ ಒಂದು ಬರುತ್ತದೆ, ಹಸಿಯಾಗಿದ್ದಾಗ ತುಪ್ಪ ಹೆಪ್ಪುಗಟ್ಟಿದಂತಿರುತ್ತದೆ. ಅದು ಮುಕ್ಕಾಲು, ಬಿಳಿ ಕಾಲಿಗಿಂತ ಸ್ವಲ್ಪ ಕಮ್ಮಿ, ಸಾಸಿವೆ ಕಾಳಿನಷ್ಟು ಹಳದಿ. ಚೆನ್ನಾಗಿ ನಾದಿ, ಗಾಜಿನ ಮೇಲಿಟ್ಟು, ಹಳೇ ಸಿಡಿ ಡಬ್ಬದ ಮುಚ್ಚಳದಿಂದ ಹೊಸೆಯಬೇಕು. ಬೆರಳಲ್ಲಿ ಹೊಸೆದರೆ ಎಷ್ಟೇ ನಾಜೂಕಾದರೂ ಬೆರಳಿನ ತಗ್ಗುದಿಣ್ಣೆ ಮೂಡುತ್ತದೆ. ಪಾರದರ್ಶಕ ಮುಚ್ಚಳದಡಿ ಅದು ಉದ್ದಕ್ಕೆ ಓಡುವುದನ್ನು ನೋಡುವುದೇ ಚಂದ. ದೀಪದ ತಂತಿ ತೂರಿಸಲು ಒಳಗೆ ಕಂಡಿ ಬೇಕಾದ್ದರಿಂದ ನಮ್ಮತ್ತೆಯ ವೀಣೆಯಿಂದ ಕಡಿದು ಬಿದ್ದಿದ್ದ ಹಳೇ ತಂತಿಗೆ ಟಾಲ್ಕಂ ಪೌಡರ್ ಸವರಿ, ಅದರ ಸುತ್ತ ಕ್ಲೇ ಹಚ್ಚಿ ಹೊಸೆದೆ. ಬೆಂದ ಮೇಲೆ ತಂತಿ ಎಳೆದರೆ ಸರಕ್ಕನೆ ಬರುತ್ತದೆ.

ಬೇಯಿಸುವುದು 130 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ. ನಮ್ಮ ಓಟಿಜಿಯ (ಕರೆಂಟಿನ ಪುಟ್ಟ ಓವನ್) ತಿರುಗುಣಿ 130 ಅಂದರೂ ಒಳಗಿನ ಬಿಸಿ ಬೇರೆಯೇ ಇತ್ತು ಅನ್ನುವುದು ಮೊದಲ ಕಂತು ಬೀಡಿಯ ಬಣ್ಣಕ್ಕೆ ತಿರುಗಿದಾಗ ಗೊತ್ತಾಯಿತು. ಅರೆಪಾರದರ್ಶಕ ಕ್ಲೇ ಬಿಸಿ ಜಾಸ್ತಿಯಾದರೆ ಬೇಗ ಕೆಂಪಾಗುತ್ತದೆ. ಒಳಗಿಡುವ ಥರ್ಮಾಮೀಟರ್ ಒಂದು ತಂದ ಮೇಲೆ ಸರಿಹೋಯಿತು. (ಕ್ಲೇ ಬೇಯುವಾಗ ಅಲ್ಲೇ ಕೇಕು, ಪಪ್ಸು ಇಡಬೇಡಿ. ಮೇಲೊಂದು ಫಾಯಿಲ್ ಮುಚ್ಚಿ, ಕಿಟಕಿ ತೆರೆದಿಡಿ.)

ಇಲ್ಲಿಗೆ ಮುಗಿಯಿತು ಅಂದುಕೊಂಡು ಒಂದನ್ನು ಲೋಟದ ಮೇಲೆ ನಿಲ್ಲಿಸಿದೆ. ಸಪ್ಪೆ. ಅಳತೆ ಸರಿ, ಬಣ್ಣ ಸರಿ, ಆದರೂ ಅಂಗಡಿಯಿಂದ ಈಗ ತಾನೇ ತಂದಂತೆ. ಕರೆಂಟು ಹೋಗಿ ಒಂದು ಗಂಟೆಯಾದ ಮನೆಯಲ್ಲಿ ಅಂಥ ಬತ್ತಿ ಎಲ್ಲಿರುತ್ತದೆ? ಆ ರಾತ್ರಿ ದೊಡ್ಡ ಮೇಣದಬತ್ತಿಯನ್ನೇ ಹಚ್ಚಿಟ್ಟು ಎದುರಿಗೆ ಕೂತೆ. ನೋಡುತ್ತಾ ಕೂತಾಗ ತಿಳಿದದ್ದು: ಮೇಲ್ತುದಿ ಚಪ್ಪಟೆಯಲ್ಲ, ಬಟ್ಟಲಿನಂತೆ ತಗ್ಗು. ಅದರಲ್ಲಿ ಕರಗಿದ ಮೇಣ ಎಣ್ಣೆಯಂತೆ ಹೊಳೆಯುತ್ತದೆ. ಬತ್ತಿಯ ದಾರ ನೆಟ್ಟಗಿರದೆ ತುದಿಯಲ್ಲಿ ಬಾಗಿರುತ್ತದೆ. ಸೋರಿದ ಮೇಣ ಸುತ್ತಲೂ ಇಳಿಯುವುದಿಲ್ಲ, ಒಂದೇ ಕಡೆ ದಾರಿ ಮಾಡಿಕೊಂಡು ಮತ್ತೆ ಮತ್ತೆ ಅದೇ ದಾರಿಯಲ್ಲಿ ಇಳಿದು ದಪ್ಪಗಾಗುತ್ತದೆ.

ಯಾವ ಕಡೆ? ಇದಕ್ಕೆ ನಾನು ಎರಡು ಸಲ ತಪ್ಪಿದೆ. ಪೆಟ್ಟಿಗೆಯ ಎಡಗೋಡೆಯಲ್ಲಿ ಕಿಟಕಿ ಇದೆ, ತೆರೆದಿದೆ. ಅಂದಕ್ಕೆ ಅಂತ ಎಡಗಡೆಗೇ ಮೇಣ ಸೋರಿಸಿದ್ದೆ. ಆದರೆ ಗಾಳಿ ಕಿಟಕಿಯಿಂದ ಬಂದರೆ ಜ್ವಾಲೆ ಬಲಕ್ಕೆ ಬಾಗುತ್ತದೆ, ಬಲ ಅಂಚು ಮೊದಲು ಕರಗಿ ಒಡೆಯುತ್ತದೆ, ಮೇಣ ಬಲಕ್ಕೇ ಇಳಿಯಬೇಕು. ಇದನ್ನು ಗೊಂಬೆ ನೋಡಲು ಬರುವ ಯಾರೂ ಗಮನಿಸುವುದಿಲ್ಲ ಅಂತ ನನಗೂ ಗೊತ್ತು. ಕಿತ್ತು ಮತ್ತೆ ಮಾಡಿದೆ.

ತಗ್ಗು ಮಾಡುವುದು ಸುಲಭ, ಬೇಯಿಸುವ ಮುಂಚೆ ಗುಂಡುಸೂಜಿಯ ತಲೆಯಿಂದ ಮೆತ್ತಗೆ ಒತ್ತಿದರೆ ಸಾಕು. ಸೋರಿದ ಮೇಣಕ್ಕೆ ಫೆವಿಕಾಲ್. ಅದು ಒಣಗಿದರೆ ಗಾಜಿನಂತಾಗಿ ಮಾಯವಾಗುವುದರಿಂದ ಸೂಜಿಮೊನೆಯಷ್ಟು ಬಿಳಿ ಅಕ್ರಿಲಿಕ್ ಬಣ್ಣ ಬೆರೆಸಬೇಕು. ಒಣಗುತ್ತಾ ಕುಗ್ಗುವುದರಿಂದ ಒಂದೇ ಸಲಕ್ಕೆ ಹಚ್ಚದೆ, ಸೂಜಿಯಿಂದ ಒಂದು ಎಳೆ, ಅರ್ಧ ಗಂಟೆ ಬಿಟ್ಟು ಅದರ ಮೇಲೆ ಇನ್ನೊಂದು, ಹೀಗೆ ಐದಾರು. ಕೊನೆಯ ಎಳೆಯನ್ನು ಪೂರ್ತಿ ಕೆಳಗೆ ತಲುಪಿಸದೆ ಅರ್ಧದಲ್ಲೇ ನಿಲ್ಲಿಸಿ. ಬಟ್ಟಲಿಗೆ ಒಂದು ಕಣ ಪಾರದರ್ಶಕ ನೇಲ್ ಪಾಲಿಶ್.

ಇನ್ನು ಬೆಳಕು. 2019ರಲ್ಲಿ ಮಗಳ ಮನೆಗೆ ಇಂಗ್ಲೆಂಡಿಗೆ ಹೋಗಿದ್ದಾಗ ವಿಂಡ್ಸರ್ ಅರಮನೆಯಲ್ಲಿ ರಾಣಿ ಮೇರಿಯ ಗೊಂಬೆಮನೆ ನೋಡಿದ್ದೆ. ನಮ್ಮ ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿಸಿದ ಲಟ್ಯನ್ಸ್‌ನದೇ ವಿನ್ಯಾಸ, 1924ರಲ್ಲಿ ಮುಗಿದದ್ದು, ನನ್ನ ಪೆಟ್ಟಿಗೆಯ ಅಳತೆಯೇ, ಒಂದಕ್ಕೆ ಹನ್ನೆರಡು. ಅದರಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುವ ಏರ್ಪಾಡಿದೆ, ಲಿಫ್ಟ್ ಇದೆ, ಉರಿಯುವ ವಿದ್ಯುತ್ ದೀಪಗಳಿವೆ. ಗಾಜಿಗೆ ಮೂಗು ಒತ್ತಿ ನಿಂತಿದ್ದ ನನ್ನನ್ನು ಮಗಳು ಎಳೆದುಕೊಂಡು ಹೋಗಬೇಕಾಯಿತು. ಅವರಿಗೆ ನೂರು ವರ್ಷದ ಹಿಂದೆ ಆಗಿದ್ದರೆ ನನಗೆ ಒಂದು ಬತ್ತಿ ಉರಿಸಲು ಆಗುವುದಿಲ್ಲವೇ?

ಸಾಮಾನ್ಯ ಎಲ್‌ಇಡಿ ಮೂರು ಮಿಲಿ ದಪ್ಪ, ಬತ್ತಿಯ ಎರಡರಷ್ಟು. ಒಂದು ಮಿಲಿ ಉದ್ದ, ಅರ್ಧ ಮಿಲಿ ಅಗಲದ್ದು ಬರುತ್ತದೆ, ಕೂದಲಿನಂಥ ಎರಡು ತಂತಿ ಬೆಸೆದೇ ಕೊಡುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನಾಲ್ಕು ಅಂಗಡಿ ಅಲೆದೆ. ಒಬ್ಬ ಹುಡುಗ "ಮಗನ ಕಾಲೇಜ್ ಪ್ರಾಜೆಕ್ಟಾ ಮೇಡಂ?" ಅಂದ. ಹೂಂ ಅಂದೆ. ಗೊಂಬೆಹಬ್ಬದ ಕತೆ ಹೇಳುತ್ತಾ ನಿಲ್ಲಲು ಹಿಂದೆ ಕ್ಯೂ ಇತ್ತು. ಹತ್ತು ತಂದದ್ದರಲ್ಲಿ ನಾಲ್ಕು ತೂರಿಸುವಾಗಲೇ ತಂತಿ ಕಿತ್ತು ಹೋದವು. ಐದನೆಯದು ವೀಣೆ ತಂತಿಯ ಕಂಡಿಯಲ್ಲಿ ಇಳಿದು ಮೇಲೆ ಕೂತಿತು. ಅದರ ಮೇಲೆ ಅಂಟಿನ ಒಂದು ಹನಿಯನ್ನು ಚೂಪಾಗಿ ಎಳೆದರೆ ಎರಡು ಮಿಲಿಯ ಜ್ವಾಲೆ. ನಿಜವಾದ ಜ್ವಾಲೆ ಒಂದು ಇಂಚು ಅಂದುಕೊಂಡರೆ ಲೆಕ್ಕ ಸರಿ.

ಬಣ್ಣ ಸರಿಯಿರಲಿಲ್ಲ. ಡಬ್ಬದ ಮೇಲೆ ಹಳದಿ ಬೆಳಕು ಅಂತ ಬರೆದಿದ್ದರೂ ಮೇಣದಬತ್ತಿಯ ಪಕ್ಕ ಹಿಡಿದರೆ ಆಸ್ಪತ್ರೆಯ ಬೆಳಕು. ಗಾಜಿಗೆ ಬಳಿಯುವ ಕಿತ್ತಳೆ ಬಣ್ಣ ಎರಡು ಪದರ ಹಚ್ಚಿ, ಮೂರು ವೋಲ್ಟಿನ ಬಿಲ್ಲೆ ಸೆಲ್ಲಿಗೂ ದೀಪಕ್ಕೂ ನಡುವೆ ಕರೆಂಟು ತಗ್ಗಿಸುವ ಒಂದು ಕಿಲೋಓಮಿನ ರೆಸಿಸ್ಟರ್ ಹಾಕಿದ ಮೇಲೆ ತಣ್ಣಗಾಯಿತು. ದೀಪ ಮಿಣುಕಿಸುವ ಎಲೆಕ್ಟ್ರಾನಿಕ್ ಚಿಪ್ ಹಾಕಿ ಅಂತ ಕೆಲವರು ಸಲಹೆ ಕೊಟ್ಟರು. ಬೇಡ. ದೀಪಾವಳಿಗೆ ಬರುವ ಆ ಎಲೆಕ್ಟ್ರಾನಿಕ್ ಹಣತೆಗಳು ಚಳಿಜ್ವರ ಬಂದಂತೆ ನಡುಗುತ್ತಿರುತ್ತವೆ. ಮನೆಯೊಳಗಿನ ಮೇಣದಬತ್ತಿ ಯಾರಾದರೂ ಎದ್ದು ಓಡಾಡಿದಾಗ ಮಾತ್ರ ಅಲುಗುತ್ತದೆ. ನನ್ನ ಕೋಣೆಯಲ್ಲಿ ಇಬ್ಬರೂ ಕೂತು ಓದುತ್ತಿದ್ದಾರೆ.

ಈ ವರ್ಷ ಗೊಂಬೆ ಕೂರಿಸಿದ ದಿನ ಹಾಲಿನ ಲೈಟು ಆರಿಸಿ ಪೆಟ್ಟಿಗೆಯ ಸ್ವಿಚ್ಚು ಒತ್ತಿದೆ. ಅದೇ ಹುಡುಗಿ, ಈಗ ನಾಲ್ಕನೇ ಕ್ಲಾಸು, ಬಗ್ಗಿ ನೋಡಿ "ಕರೆಂಟ್ ಹೋಗಿದೆಯಾ ಇವರ ಮನೇಲಿ? ಯುಪಿಎಸ್ ಇಲ್ವಾ?" ಅಂದಳು. ಅಷ್ಟು ಸಾಕು ನನಗೆ.

ಆಯುಧಪೂಜೆಯ ದಿನ ತಮ್ಮ ಬಂದ. ಕಾರಿಗೆ ಹೂವಿನ ಹಾರ ಹಾಕಿಕೊಂಡೇ ಬಂದಿದ್ದ. ಪೆಟ್ಟಿಗೆಯ ಮುಂದೆ ಕೂತವನು ಬಹಳ ಹೊತ್ತು ಏನೂ ಹೇಳಲಿಲ್ಲ. ನಾನು ಕಾಫಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ, ಮೇಣದಬತ್ತಿಯ ಬಗ್ಗೆ ಏನಾದರೂ ಹೇಳಲಿ ಅಂತ.

"ಅಕ್ಕ, ಆ ಲೋಟಕ್ಕೆ ಗೆರೆ ಎಲ್ಲಿತ್ತು?" ಅಂದ.

ಲೋಟ ಮಾಡಿದ್ದು ಪೆನ್ಸಿಲ್ಲಿನ ರಬ್ಬರಿಗೆ ಸುತ್ತಿರುವ ಆ ತಗಡಿನ ಬಳೆಯಿಂದ. ಅದರ ಸುತ್ತ ಎರಡು ಗೆರೆ ಇದ್ದವು. ಅದಕ್ಕೇ ಆರಿಸಿದ್ದು. "ಇತ್ತು ಕಣೋ, ನಮ್ಮ ಲೋಟಕ್ಕೂ ಇತ್ತು" ಅಂದೆ. "ಇರಲೇ ಇಲ್ಲ, ನುಣ್ಣಗಿತ್ತು" ಅಂದ. ಹತ್ತು ನಿಮಿಷ ಇದೇ ಆಯಿತು. ಕೊನೆಗೆ ಅವನೇ ಏಣಿ ಹಾಕಿ ಅಟ್ಟ ಹತ್ತಿ, ಅಮ್ಮನ ಹಳೇ ಪಾತ್ರೆಗಳ ಮೂಟೆ ಇಳಿಸಿದ. ಲೋಟ ಸಿಕ್ಕಿತು.

ಗೆರೆ ಮೂರು.