ಮಾವನ ಜಾವಾ, ಹಿಂದಿನ ಶಾಕಬ್ಸರ್

6 ಜುಲೈ 2024, ಶನಿವಾರ
ಮೈಸೂರು

ಮಾವನ 1969ರ ಜಾವಾ ಬೈಕಿನ ಹಿಂದಿನ ಎರಡೂ ಶಾಕಬ್ಸರ್ ಇವತ್ತು ಬಿಚ್ಚಿದೆ. 14ರ ಭಾನುವಾರ ಜಾವಾ ದಿನ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಇಟ್ಟುಕೊಂಡವರೆಲ್ಲ ಗಾಡಿ ಸಮೇತ ಸೇರುತ್ತಾರೆ. ಇಲ್ಲೇ ಮೈಸೂರಿನ ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ ಆ ಕೂಟಕ್ಕೆ ಕುದುರೆ ಥರ ಕುಣೀತಾ ಹೋದರೆ ಚೆನ್ನಾಗಿರಲ್ಲ, ಅಲ್ವಾ?

ಹಂಪ್ ಹಾರಿಸಿದರೆ ಸಾಕು, ಹಿಂಭಾಗ ಮೂರ್ನಾಲ್ಕು ಸಲ ಎದ್ದು ಕೂರುತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ: "ಸ್ಪ್ರಿಂಗ್ ಹೋಗಿದೆ, ಹೊಸ ಗ್ಯಾಸ್ ಶಾಕಬ್ಸರ್ ಹಾಕ್ಸಿಬಿಡಿ." ಸ್ಪ್ರಿಂಗ್ ಸೋತರೆ ಗಾಡಿ ಹಿಂದೆ ಕುಸಿಯುತ್ತದೆ, ಕುಣಿಯುವುದಿಲ್ಲ. ಕುಣಿತ ನಿಲ್ಲಿಸುವುದು ಒಳಗಿನ ಎಣ್ಣೆಯ ಕೆಲಸ. ಪಿಸ್ಟನ್‌ನ ಸಣ್ಣ ತೂತುಗಳಲ್ಲಿ ಎಣ್ಣೆ ನುಸುಳಿ ಹೋಗಬೇಕು, ಆ ತಡೆಯೇ ಸ್ಪ್ರಿಂಗ್‌ಗೆ ಕಡಿವಾಣ. ಬಿಚ್ಚಿದ ಎರಡು ಸ್ಪ್ರಿಂಗ್‌ಗಳನ್ನು ನೆಲದ ಮೇಲೆ ಅಕ್ಕಪಕ್ಕ ನಿಲ್ಲಿಸಿ ಮೇಲೊಂದು ಸ್ಕೇಲ್ ಇಟ್ಟೆ. ಅಲುಗಾಡಲಿಲ್ಲ. ಎರಡೂ ಒಂದೇ ಎತ್ತರ.

ರೆಡಿಮೇಡ್ ಗ್ಯಾಸ್ ಶಾಕಬ್ಸರ್ ನನಗೆ ಬೇಡ. ನೋಡೋಕೆ ಚೆನ್ನಾಗಿರಲ್ಲ ಅನ್ನುವುದು ಒಂದು. ಉದ್ದ ಸ್ವಲ್ಪ ಹೆಚ್ಚುಕಡಿಮೆ ಆದರೂ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ನಿಲ್ಲುವ ಕೋನ ಬದಲಾಗಿ ಚೈನ್‌ನ ಸಡಿಲದ ಲೆಕ್ಕ ತಪ್ಪುತ್ತದೆ ಅನ್ನುವುದು ಇನ್ನೊಂದು.

ಎಡಗಡೆಯದರಿಂದ ಎಣ್ಣೆ ಸುರಿದಾಗ ಬಂದದ್ದು ನೀರಿನಷ್ಟು ತೆಳ್ಳಗಿನ ಕಪ್ಪು ರಸ, ಅದೂ ಒಂದೆರಡು ಚಮಚ. ಬಲಗಡೆಯದರಲ್ಲಿ ಅದೂ ಇಲ್ಲ, ತಳದಲ್ಲಿ ತುಕ್ಕಿನ ಕೆಸರು ಮಾತ್ರ. ಕಾರಣ ಪಿಸ್ಟನ್ ಹಿಡಿದಿರುವ ರಾಡ್‌ನಲ್ಲೇ ಕಾಣುತ್ತಿತ್ತು. ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲ್‌ನಿಂದ ಸ್ವಲ್ಪ ಮೇಲೆ, ಸುತ್ತಲೂ ಸಾಸಿವೆಗಿಂತ ಸಣ್ಣ ಗುಳಿಗಳು. ಉಗುರು ಎಳೆದರೆ ತಡೆಯುತ್ತದೆ. ಇಂಥ ರಾಡ್‌ಗೆ ಎಷ್ಟು ಹೊಸ ಸೀಲ್ ಹಾಕಿದರೂ ದಂಡ. ಪ್ರತಿ ಹಂಪ್‌ಗೂ ಗುಳಿಯ ಅಂಚು ರಬ್ಬರನ್ನು ಕೆರೆಯುತ್ತಲೇ ಇರುತ್ತದೆ.

ಎಡಗಡೆಯ ರಾಡ್ ಪುಣ್ಯಕ್ಕೆ ಚೆನ್ನಾಗಿದೆ. 1000 ನಂಬರ್ ಎಮರಿಗೆ ಎಣ್ಣೆ ಸವರಿ ಉಜ್ಜಿದರೆ ಸಾಕಾಯಿತು. ಬಲಗಡೆಯದನ್ನು ಲೇತ್ ಅಂಗಡಿಗೆ ಕೊಟ್ಟೆ. "ಸಾರ್, ಎಲ್ಲರೂ ಹೊರಗಿನ ಕವರ್ ಫಳಫಳ ಮಾಡಿ ಅಂತಾರೆ, ರಾಡ್ ಯಾರೂ ತರಲ್ಲ" ಅಂದರು ಅವರು. ನಿಜ. ಕವರ್‌ಗೆ ಹಾಕುವುದು ಅಂದದ ಕ್ರೋಮ್, ನಿಕ್ಕಲ್ ಮೇಲೆ ತೆಳು ಪದರ ಅಷ್ಟೇ. ರಾಡ್‌ಗೆ ಬೇಕಾದದ್ದು ಹಾರ್ಡ್ ಕ್ರೋಮ್. ಮೊದಲು ಗುಳಿ ಹೋಗುವಷ್ಟು ಗ್ರೈಂಡ್ ಮಾಡಿ, ದಪ್ಪಗೆ ಕ್ರೋಮ್ ಏರಿಸಿ, ಮತ್ತೆ ಗ್ರೈಂಡ್ ಮಾಡಿ ಹಳೇ ಅಳತೆಗೆ ತರಬೇಕು.

ಸ್ಪ್ರಿಂಗ್‌ಗೂ ಕ್ರೋಮ್ ಹಾಕಿಸಿ ಅನ್ನುವವರಿದ್ದಾರೆ. ನಾನಂತೂ ಹಾಕಿಸಲ್ಲ. ಆಸಿಡ್‌ನಲ್ಲಿ ಅದ್ದಿ ಕರೆಂಟ್ ಹಾಯಿಸುವಾಗ ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿಕೊಳ್ಳುತ್ತದೆ. ಕೂಡಲೇ ಓವನ್‌ನಲ್ಲಿಟ್ಟು ಗಂಟೆಗಟ್ಟಲೆ ಕಾಯಿಸಿ ಅದನ್ನು ಹೊರಗೆ ಕಳಿಸದಿದ್ದರೆ ಸ್ಪ್ರಿಂಗ್ ಒಂದು ದಿನ ಪಟ್ ಅಂತ ತುಂಡಾಗಬಹುದು. ಕಪ್ಪು ಪೇಂಟ್ ಸಾಕು.

ಸಂಜೆ ಎಡಗಡೆಯದನ್ನು ಜೋಡಿಸಿದೆ. ಸೀಲ್‌ನ ತುಟಿ ಎಣ್ಣೆಯ ಕಡೆಗೆ. 20 ನಂಬರ್ ಫೋರ್ಕ್ ಆಯಿಲ್, ಸಿರಿಂಜ್‌ನಲ್ಲಿ ಅಳೆದು. ಜಾಸ್ತಿ ಇರಲಿ ಅಂತ ಕಂಠಪೂರ್ತಿ ತುಂಬಿಸಬಾರದು. ರಾಡ್ ಒಳಗೆ ಬಂದಾಗ ಅದಕ್ಕೂ ಜಾಗ ಬೇಕು, ಎಣ್ಣೆ ಕುಗ್ಗುವುದಿಲ್ಲ, ಮೇಲೆ ಸ್ವಲ್ಪ ಗಾಳಿ ಇಲ್ಲದಿದ್ದರೆ ಸೀಲ್ ಕಿತ್ತುಕೊಂಡು ಬರುತ್ತದೆ. ನೆಟ್ಟಗೆ ಹಿಡಿದು ನಿಧಾನಕ್ಕೆ ಒತ್ತಿ ಎಳೆದೆ. ಮೊದಮೊದಲು ನಡುವೆ ಖಾಲಿ ಖಾಲಿ, ಗಾಳಿ ಹೊರಟ ಮೇಲೆ ಬಿಗಿ ಬಂತು. ಒತ್ತುವಾಗ ಹಗುರ, ಎಳೆಯುವಾಗ ಭಾರ. ಹೀಗೇ ಇರಬೇಕು. ಸೋಪ್ ನೀರು ಹಚ್ಚಿದ್ದಕ್ಕೆ ತುದಿಯ ಕಣ್ಣಿನ (ಬೋಲ್ಟ್ ಹೋಗುವ ತೂತಿನ) ರಬ್ಬರ್ ಬುಶ್‌ಗಳೂ ತಕರಾರಿಲ್ಲದೆ ಕೂತವು.

ರಾಡ್ ಗುರುವಾರ ಕೊಡುತ್ತೇನೆ ಅಂದಿದ್ದಾರೆ. ಲೇತ್ ಅಂಗಡಿಯ ಗುರುವಾರ ಅಂದರೆ ಶುಕ್ರವಾರ ಸಂಜೆ. ಶನಿವಾರ ಜೋಡಿಸಿದರೂ ಆಗುತ್ತದೆ.