ಹೀರೆಕಾಯಿ ಕೊಟ್ಟವರು ಕಳಿಸಿದ ಮೇಲ್

2008ರ ಆಗಸ್ಟ್‌ನಲ್ಲಿ ಅಮ್ಮ ಮೈಸೂರಿನಿಂದ ಒಹಾಯೊಗೆ ಬಂದದ್ದು ಸೊಸೆಯ ಬಾಣಂತನಕ್ಕೆ. ನ್ಯಾಯವಾಗಿ ಬರಬೇಕಾದವರು ನನ್ನ ಅತ್ತೆ. ಅವರಿಗೆ ವೀಸಾ ಸಿಗಲಿಲ್ಲ. ಅಮ್ಮನ ಸೂಟ್‌ಕೇಸಿನಲ್ಲಿ ಬಾಣಂತಿ ಪುಡಿ, ಹಳೆಯ ಹತ್ತಿ ಸೀರೆ ಹರಿದು ಮಡಿಸಿಟ್ಟ ಬಟ್ಟೆಗಳು, ಬೆನ್ನು ಕಿತ್ತುಹೋದ ಕನ್ನಡ ಬೈಬಲ್ ಇದ್ದವು. ಅಮೆರಿಕದಲ್ಲಿ ಅದು ಚುನಾವಣೆಯ ವರ್ಷ. ಡೆಮಾಕ್ರಟಿಕ್ ಪಕ್ಷದ ಒಬಾಮ, ರಿಪಬ್ಲಿಕನ್ ಪಕ್ಷದ ಮೆಕೇನ್ ಇಬ್ಬರ ಹೆಸರಿನ ಫಲಕಗಳೂ ನಮ್ಮ ಬೀದಿಯ ಹುಲ್ಲುಹಾಸುಗಳ ಮೇಲೆ ಅಕ್ಕಪಕ್ಕದಲ್ಲೇ ನಿಂತಿದ್ದವು. ನನಗೆ ಆಗ ಅಲ್ಲಿ ಮತವಿರಲಿಲ್ಲ. ಆದರೂ ಬಾಯಿ ಇತ್ತು.

ಸುತ್ತಮುತ್ತಲಿನ ಆರೇಳು ಕನ್ನಡ ಕ್ರೈಸ್ತ ಕುಟುಂಬಗಳು ತಿಂಗಳಿಗೊಂದು ಶನಿವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಕೀರ್ತನೆ, ಪ್ರಾರ್ಥನೆ, ಕೊನೆಗೆ ಬಿಸಿಬೇಳೆಬಾತ್. ನಮ್ಮಲ್ಲಿ ಹಿರಿಯರೆಂದರೆ ಮಂಡ್ಯದ ಕಡೆಯ ಒಬ್ಬರು ನಿವೃತ್ತ ಎಂಜಿನಿಯರ್. ಹಿತ್ತಲಿನಲ್ಲಿ ಹೀರೆಕಾಯಿ ಬೆಳೆದು ಎಲ್ಲರ ಮನೆಗೂ ಚೀಲದಲ್ಲಿ ಹಂಚುತ್ತಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಅವರಿಂದ ಎಲ್ಲರಿಗೂ ಒಂದು ಮೇಲ್ ಬಂತು. ಒಬಾಮ ಗುಟ್ಟಾಗಿ ಮುಸ್ಲಿಮ್. ಜಕಾರ್ತಾದ ಮದರಸಾದಲ್ಲಿ ಓದಿದವನು. ಸೆನೆಟ್‌ನಲ್ಲಿ ಕುರಾನ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದವನು. ಕ್ರೈಸ್ತರೆಲ್ಲ ಎಚ್ಚರಗೊಂಡು ಇದನ್ನು ಇನ್ನೂ ಹತ್ತು ಜನರಿಗೆ ತಲುಪಿಸಬೇಕು. ಕೆಳಗೆ ಒಂದು ಬೈಬಲ್ ವಚನ ಬೇರೆ.

ಒಂದು ರಾತ್ರಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು ಹುಡುಕಿದೆ. ಹುಡುಕಲು ಕಷ್ಟವೇನೂ ಇರಲಿಲ್ಲ, ಅದೇ ಬೇಸರ. ಜಕಾರ್ತಾದಲ್ಲಿ ಒಬಾಮ ಬಾಲ್ಯದಲ್ಲಿ ಓದಿದ್ದು ಮೊದಲು ಒಂದು ಕ್ಯಾಥೊಲಿಕ್ ಶಾಲೆಯಲ್ಲಿ, ಆಮೇಲೆ ಒಂದು ಸರ್ಕಾರಿ ಶಾಲೆಯಲ್ಲಿ. ಮದರಸಾದ ಮಾತು 2007ರ ಜನವರಿಯಲ್ಲೇ ಎದ್ದಾಗ ಸಿಎನ್ಎನ್ ವರದಿಗಾರರು ಆ ಶಾಲೆಗೇ ಹೋಗಿ ನೋಡಿ, ಎಲ್ಲ ಧರ್ಮದ ಮಕ್ಕಳೂ ಕಲಿಯುವ ಸಾಮಾನ್ಯ ಶಾಲೆ ಅದು ಎಂದು ತೋರಿಸಿದ್ದರು. ಸೆನೆಟ್‌ನಲ್ಲಿ ಅವರು 2005ರಲ್ಲಿ ಕೈಯಿಟ್ಟದ್ದು ಬೈಬಲ್ ಮೇಲೆ. ಕುರಾನ್ ಮೇಲೆ ಪ್ರಮಾಣ ಮಾಡಿದ್ದು 2007ರಲ್ಲಿ, ಕೀತ್ ಎಲಿಸನ್ ಎಂಬ ಬೇರೆ ಪ್ರತಿನಿಧಿ. ಅದೂ ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್‌ಸನ್ ಅವರ ಸ್ವಂತ ಪ್ರತಿಯ ಮೇಲೆ. ಇನ್ನು ಶಿಕಾಗೊದ ಟ್ರಿನಿಟಿ ಚರ್ಚಿನಲ್ಲಿ ಒಬಾಮ ಇಪ್ಪತ್ತು ವರ್ಷ ಸದಸ್ಯರಾಗಿದ್ದರು. ಅಲ್ಲಿನ ಪಾದ್ರಿ ಜೆರಮಾಯ ರೈಟ್ ಅವರ ಉಪದೇಶಗಳು ಎಬ್ಬಿಸಿದ ಗಲಾಟೆಯಿಂದ 2008ರ ಮೇ ತಿಂಗಳಲ್ಲಷ್ಟೇ ಚರ್ಚು ಬಿಟ್ಟಿದ್ದರು. ಪಾದ್ರಿ ಸರಿಯಿಲ್ಲವೆಂದು ವಸಂತದಲ್ಲಿ ಬೈದವರೇ ಶರತ್ಕಾಲಕ್ಕೆ ಒಬಾಮ ಚರ್ಚಿಗೇ ಹೋಗಿಲ್ಲ ಎನ್ನುತ್ತಿದ್ದರು.

ಇಷ್ಟನ್ನೂ ಬರೆದು, ಕೊನೆಗೆ ಸುಳ್ಳುಸಾಕ್ಷಿ ಹೇಳಬಾರದೆಂಬ ಬೈಬಲಿನ ಒಂಬತ್ತನೆಯ ಆಜ್ಞೆಯನ್ನೂ ಸೇರಿಸಿ, ಪಟ್ಟಿಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಕಳಿಸಿದೆ. (ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಹೋಗುವ ನನ್ನ ಕ್ಯಾಥೊಲಿಕ್ ಗೆಳೆಯ ಅದನ್ನು ಎಂಟನೆಯದು ಎಂದು ಎಣಿಸುತ್ತಾನೆ, ನಮ್ಮ ವೆಸ್ಲಿ ಚರ್ಚಿನ ಪ್ರೊಟೆಸ್ಟೆಂಟರ ಲೆಕ್ಕದಲ್ಲಿ ಒಂಬತ್ತು.) ಬಹಳ ಚೆನ್ನಾಗಿ ಬರೆದೆ ಎನಿಸಿತು. ಬೆಳಿಗ್ಗೆ ಅಮ್ಮನಿಗೆ ಓದಿ ಹೇಳಿದೆ.

ಅಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ತಲೆಯೆತ್ತದೆ, "ಆತ ಮುಸ್ಲಿಮ್ ಅಲ್ಲ ಎಂದು ನಾಲ್ಕು ಸಲ ಬರೆದಿದ್ದೀಯ. ಆಗಿದ್ದರೆ ಏನಾಗುತ್ತಿತ್ತು?" ಎಂದಳು.

ನಾನು ರಾಜಕೀಯದ ಮಾತು ಶುರು ಮಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. "ಮಂಡಿ ಮೊಹಲ್ಲಾದ ಪಕ್ಕದ ಮನೆ ಖಾಲಾಗೆ ಈ ಕಾಗದ ಓದಿ ಹೇಳುತ್ತೀಯಾ?"

ಅಪ್ಪ ತೀರಿಕೊಂಡಾಗ ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಊಟ ಗೋಡೆಯಾಚೆಯ ಆ ಮುಸ್ಲಿಮ್ ಖಾಲಾ ಮನೆಯಿಂದಲೇ ಬರುತ್ತಿತ್ತು. ನನ್ನ ಮೇಲ್‌ನಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ 'ಮುಸ್ಲಿಮ್' ಎಂಬ ಪದವನ್ನು ಅದು ಆರೋಪವೆಂದೇ ಒಪ್ಪಿಕೊಂಡು, ಆಮೇಲೆ ಅದನ್ನು ನಿರಾಕರಿಸಿತ್ತು. ಖಾಲಾ ಮುಂದೆ ಅದನ್ನು ಓದಲು ನನಗೆ ಆಗುತ್ತಿರಲಿಲ್ಲ.

ಅಮ್ಮನ ಮನಸ್ಸು ಆ ದಿನಗಳಲ್ಲಿ ಊರಿನಲ್ಲೇ ಇತ್ತು. ಸೆಪ್ಟೆಂಬರ್ 14ರಂದು ಮಂಗಳೂರಿನ ಕಡೆ ಕ್ರೈಸ್ತ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಿತ್ತು. ಚಿಕ್ಕಮ್ಮ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ನಮ್ಮವರು ಹಣ ಕೊಟ್ಟು ಮತಾಂತರ ಮಾಡುತ್ತಾರೆಂಬ ಮಾತು ಎಲ್ಲೆಲ್ಲೂ. ತಾನು ಕೆಲಸ ಮಾಡುತ್ತಿದ್ದ ಶಾಲೆಯ ಮೇಷ್ಟರ ಕೊಠಡಿಯಲ್ಲಿ ಸಹೋದ್ಯೋಗಿಯೊಬ್ಬರು "ಹಾಲಿನಪುಡಿಗೆ ಜಾತಿ ಬಿಟ್ಟವರು" ಎಂದು ನಗುತ್ತಾ ಹೇಳಿದ್ದನ್ನು ಅಮ್ಮ ನನಗೆ ಮೊದಲ ಬಾರಿ ಹೇಳಿದ್ದು ಆ ತಿಂಗಳಲ್ಲೇ. ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಅವಳು ಇನ್ನೊಂದು ತಪ್ಪನ್ನೂ ಎತ್ತಿ ತೋರಿಸಿದಳು. ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ಹೇಳು ಎನ್ನುತ್ತದೆ ಬೈಬಲಿನ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯ. ನಾನು ಮಾಡಿದ್ದು ಎಪ್ಪತ್ತು ದಾಟಿದ ಮನುಷ್ಯನಿಗೆ ಹದಿನಾಲ್ಕು ಜನರೆದುರು ಪಾಠ. ಅಕ್ಟೋಬರ್ ಕೂಟಕ್ಕೆ ಅವರು ಬರಲಿಲ್ಲ. ಮಂಡಿನೋವು ಎಂದರು.

ಈ ದೇಶಕ್ಕೆ ಇದು ಹೊಸ ಕಾಯಿಲೆಯಲ್ಲ. 1800ರಲ್ಲಿ ಜೆಫರ್‌ಸನ್ ನಾಸ್ತಿಕ ಎಂದು ಹಬ್ಬಿಸಿದ್ದರು. 1928ರಲ್ಲಿ ಕ್ಯಾಥೊಲಿಕ್ ಅಭ್ಯರ್ಥಿ ಆಲ್ ಸ್ಮಿತ್ ಅವರು ನ್ಯೂಯಾರ್ಕಿನ ಹಾಲೆಂಡ್ ಸುರಂಗದ ಬಳಿ ನಿಂತ ಚಿತ್ರವನ್ನು ತೋರಿಸಿ, ಇದನ್ನು ಪೋಪ್ ಇರುವ ವ್ಯಾಟಿಕನ್‌ವರೆಗೂ ತೋಡುತ್ತಾರೆ ಎಂದಿದ್ದರು! ಅರಮನೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆ ಎಂಬ ಕಥೆ ಕೇಳಿ ಬೆಳೆದ ಮೈಸೂರಿನವರಾದ ನಮಗೂ ಅಟ್ಲಾಂಟಿಕ್ ಕೆಳಗಿನ ಸುರಂಗ ಸ್ವಲ್ಪ ಉದ್ದವೇ. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದು ಎಂದು ಅಮೆರಿಕದ ಸಂವಿಧಾನದ ಆರನೆಯ ವಿಧಿ ಹೇಳುತ್ತದೆ. ಜನರು ಮಾತ್ರ ಆ ಪರೀಕ್ಷೆ ನಡೆಸುತ್ತಲೇ ಇದ್ದಾರೆ.

ಅಕ್ಟೋಬರ್ 10ರಂದು ಮಿನೆಸೋಟದ ಸಭೆಯಲ್ಲಿ ಮಹಿಳೆಯೊಬ್ಬರು ಒಬಾಮ ಅರಬ ಎಂದಾಗ ಮೆಕೇನ್ ಮೈಕ್ ತೆಗೆದುಕೊಂಡು, ಇಲ್ಲಮ್ಮ, ಅವರು ಸಭ್ಯ ಸಂಸಾರಸ್ಥ ಎಂದರು. ತಮ್ಮ ಕಡೆಯವರೇ ಕೂಗಾಡುತ್ತಿದ್ದಾಗ ಹಾಗೆ ಹೇಳಲು ಎದೆ ಬೇಕು, ಒಪ್ಪುತ್ತೇನೆ. ಆದರೆ ಟಿವಿ ನೋಡುತ್ತಿದ್ದ ಅಮ್ಮ ನನ್ನ ಕಡೆ ತಿರುಗಿ, "ಇವರೂ ನಿನ್ನ ಹಾಗೆಯೇ ಬರೆದಿದ್ದಾರೆ" ಎಂದಳು. ಅರಬನಾದರೆ ಸಭ್ಯನಲ್ಲವೇ ಎಂಬುದು ಅವಳ ಪ್ರಶ್ನೆ. ಒಂಬತ್ತು ದಿನ ಕಳೆದು, ಭಾನುವಾರ, ರಿಪಬ್ಲಿಕನ್ ಪಕ್ಷದವರೇ ಆದ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಟಿವಿಯಲ್ಲಿ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರು: ಅವರು ಕ್ರೈಸ್ತರೇ, ಆದರೆ ಮುಸ್ಲಿಮ್ ಆಗಿದ್ದರೆ ತಪ್ಪೇನು? ಇರಾಕ್‌ನಲ್ಲಿ ಇಪ್ಪತ್ತನೆಯ ವಯಸ್ಸಿಗೆ ಸತ್ತ ಕರೀಮ್ ಖಾನ್ ಎಂಬ ಅಮೆರಿಕನ್ ಸೈನಿಕನ ಸಮಾಧಿಯ ಮಾತು ತೆಗೆದರು. ಕಲ್ಲಿನ ಮೇಲೆ ಅರ್ಧಚಂದ್ರ, ನಕ್ಷತ್ರ. ಕಲ್ಲಿಗೆ ತಲೆಯೊರಗಿಸಿದ ತಾಯಿ. ಆ ಚಿತ್ರವನ್ನು ಅಂತರ್ಜಾಲದಲ್ಲಿ ತೆರೆದು ತೋರಿಸಿದೆ. ಅಮ್ಮ ಬಹಳ ಹೊತ್ತು ನೋಡಿದಳು. ಗೆದ್ದ ಮುಖ ಮಾಡಲಿಲ್ಲ.

ಮರುದಿನ ಸಂಜೆ ಹಿರಿಯರ ಮನೆಗೆ ಒಬ್ಬನೇ ಹೋದೆ. ಎಲ್ಲರ ಮುಂದೆ ಬರೆದದ್ದಕ್ಕೆ ಮೊದಲು ಕ್ಷಮೆ ಕೇಳಿದೆ. "ಚರ್ಚಿನ ಗೆಳೆಯರೇ ಕಳಿಸಿದ್ದು, ಅದಕ್ಕೆ ನಂಬಿದೆ" ಎಂದರು. ಮೆಕೇನ್‌ಗೇ ಮತ ಹಾಕುವುದಾಗಿಯೂ, ಅದು ತೆರಿಗೆಯ ಲೆಕ್ಕವೆಂದೂ ಹೇಳಿದರು. ಅದು ನಿಮ್ಮ ಇಷ್ಟ ಅಂಕಲ್ ಎಂದೆ. ಅಮ್ಮನ ಪ್ರಶ್ನೆಯನ್ನೂ ಮುಂದಿಟ್ಟೆ. ಅವರು ಉತ್ತರಿಸಲಿಲ್ಲ, ಮಂಜು ಬೀಳುವ ಮುಂಚೆ ಬಳ್ಳಿ ಕೀಳಬೇಕೆಂದು ಎದ್ದು ಹಿತ್ತಲಿಗೆ ಹೋದರು. ಕಡೆಯ ಮೂರು ಹೀರೆಕಾಯಿ ಬಲಿತು ನಾರಾಗಿದ್ದವು. ಆದರೂ ಚೀಲಕ್ಕೆ ಹಾಕಿ ಕೊಟ್ಟರು. ಹಿಂದಿನ ಮೇಲ್ ಸರಿಯಿಲ್ಲ, ಅಳಿಸಿಹಾಕಿ ಎಂಬ ಒಂದೇ ಸಾಲು ರಾತ್ರಿ ಹತ್ತರ ಹೊತ್ತಿಗೆ ಎಲ್ಲರಿಗೂ ಬಂತು.

ಈಗ ಮೇಲ್ ಹೋಗಿ ವಾಟ್ಸ್‌ಆ್ಯಪ್ ಬಂದಿದೆ. ಕಳೆದ ಚುನಾವಣೆಯ ಹೊತ್ತಿಗೆ ಮೈಸೂರಿನ ಚಿಕ್ಕಪ್ಪ ಕುಟುಂಬದ ಗುಂಪಿಗೆ ಒಬ್ಬ ಅಭ್ಯರ್ಥಿಯ ಧರ್ಮದ ಬಗ್ಗೆ ಅಂಥದ್ದೇ ಒಂದನ್ನು ಹಾಕಿದ. ಗುಂಪಿನಲ್ಲಿ ಏನೂ ಬರೆಯದೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ನೀನು ಹೇಳುವುದು ಬೇಡಪ್ಪ" ಎಂದ. "ನಿಮ್ಮಮ್ಮ ಬೆಳಿಗ್ಗೆಯೇ ಆಟೋ ಮಾಡಿಕೊಂಡು ಬಂದು, ಕಾಫಿ ಕುಡಿದು ಹೋಗಿದ್ದಾಳೆ."