ಫಿಸ್ಕಾರ್ಡೊಗೆ ಯಾಟ್‌ನಲ್ಲಿ ಹೋಗುವವರಿಗೆ

ಗ್ರೀಸಿನ ಫಿಸ್ಕಾರ್ಡೊ ಬಂದರಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲೇ ಹೋಗಿ ಸೇರಿ. ಜುಲೈ, ಆಗಸ್ಟ್‌ನಲ್ಲಾದರೆ ಇನ್ನೂ ಬೇಗ. ಬಂದರು ತೀರಾ ಚಿಕ್ಕದು, ಬರುವ ಯಾಟ್‌ಗಳು (ವಿಹಾರದ ಹಾಯಿದೋಣಿಗಳು) ಜಾಸ್ತಿ.

ಗ್ರೀಸಿನ ಪಶ್ಚಿಮಕ್ಕೆ, ಕೆಫಲೋನಿಯಾ ದ್ವೀಪದ ಉತ್ತರ ತುದಿಯಲ್ಲಿರುವ ಮೀನುಗಾರರ ಊರು ಇದು. ಎದುರಿಗೇ ಇಥಾಕಾ ದ್ವೀಪ. 1953ರ ಆಗಸ್ಟ್‌ನ ಭೂಕಂಪಕ್ಕೆ ಕೆಫಲೋನಿಯಾದ ಹೆಚ್ಚಿನ ಊರುಗಳು ನೆಲಕಚ್ಚಿದವು. ಫಿಸ್ಕಾರ್ಡೊಗೆ ಅಷ್ಟು ಪೆಟ್ಟಾಗಲಿಲ್ಲ. ದಕ್ಕೆಯ ಉದ್ದಕ್ಕೂ ಕಾಣುವ ಹಳೇ ಬಣ್ಣಬಣ್ಣದ ಮನೆಗಳು ಹಾಗೆ ಉಳಿದುಕೊಂಡಂಥವು. ಅವನ್ನು ನೀರಿನ ಕಡೆಯಿಂದಲೇ ಮೊದಲು ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಯಾಟ್ ಬಾಡಿಗೆಗೆ ಕೆಫಲೋನಿಯಾದ ಉತ್ತರಕ್ಕಿರುವ ಲೆಫ್ಕಾಡಾ ದ್ವೀಪ ಅನುಕೂಲ. ಅಥೆನ್ಸ್‌ಗೆ ಹೋಗಿ, ಅಲ್ಲಿಂದ ಪ್ರೆವೆಜಾ ವಿಮಾನ ನಿಲ್ದಾಣ ತಲುಪಿದರೆ ಮುಂದೆ ಕಾರಿನ ದಾರಿ. ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು. 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಯವರೆಗೆ ಕಾಯಬೇಡಿ. ಯಾಟ್ ನೀವೇ ನಡೆಸುವುದಾದರೆ ಒಬ್ಬರ ಹತ್ತಿರ ಲೈಸೆನ್ಸ್ ಇರಬೇಕು, ಜೊತೆಗೆ ಕೆಲಸ ಗೊತ್ತಿರುವ ಇನ್ನೊಬ್ಬರೂ ಬೇಕು. ಇಲ್ಲವಾದರೆ ಯಾಟ್ ನಡೆಸಲು ಸ್ಕಿಪ್ಪರ್ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಅವರಿಗೊಂದು ಕ್ಯಾಬಿನ್ ಬಿಟ್ಟುಕೊಡಬೇಕು, ಊಟವೂ ನಿಮ್ಮದೇ ಲೆಕ್ಕ. ಮೊದಲ ಸಲ ಹೋಗುವವರಿಗೆ ಇದೇ ಒಳ್ಳೆಯದು.

ಬೇಸಿಗೆಯಲ್ಲಿ ಇಲ್ಲಿ ವಾಯವ್ಯದಿಂದ ಬೀಸುವ ಗಾಳಿಗೆ ಮಾಯಿಸ್ತ್ರೊ ಅನ್ನುತ್ತಾರೆ. ಬೆಳಿಗ್ಗೆ ಸಮುದ್ರ ಶಾಂತವಾಗಿರುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಕತ್ತಲಾಗುವಷ್ಟರಲ್ಲಿ ಇಳಿಯುತ್ತದೆ. ಲೆಫ್ಕಾಡಾ ಮತ್ತು ಕೆಫಲೋನಿಯಾ ನಡುವಿನ ತೆರೆದ ನೀರಿನಲ್ಲಿ ಅಲೆಯೂ ಜೋರು. ಹೊಟ್ಟೆ ತೊಳಸುವವರು ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು.

ಬಂದರಿನಲ್ಲಿ ಯಾಟನ್ನು ಕಟ್ಟುವುದೇ ದೊಡ್ಡ ಕೆಲಸ. ದಕ್ಕೆಯಿಂದ ಸಾಕಷ್ಟು ದೂರದಲ್ಲಿ ಮುಂಬದಿಯ ಲಂಗರು ಬಿಡಬೇಕು. ಸರಪಳಿ ಬಿಡುತ್ತಾ ಹಿಂದಕ್ಕೆ ಬರಬೇಕು. ಹಿಂಬದಿಯಿಂದ ಎರಡು ಹಗ್ಗ ಎಸೆದು ದಕ್ಕೆಗೆ ಕಟ್ಟಬೇಕು. ಅಕ್ಕಪಕ್ಕದ ಯಾಟ್‌ಗೆ ತಾಗದಂತೆ ಎರಡೂ ಬದಿಗೆ ಗಾಳಿ ತುಂಬಿದ ಮೆತ್ತೆಗಳನ್ನು (ಫೆಂಡರ್) ಮೊದಲೇ ಇಳಿಬಿಟ್ಟಿರಿ. ದಕ್ಕೆ ತುಂಬಿದ್ದರೆ ಉತ್ತರದ ಬಂಡೆ ದಂಡೆಗೆ ಹೋಗಬಹುದು. ಅಲ್ಲಿ ಲಂಗರು ಬಿಟ್ಟ ಮೇಲೆ ಒಬ್ಬರು ಈಜಿಕೊಂಡೋ ಚಿಕ್ಕ ದೋಣಿಯಲ್ಲೋ ಹೋಗಿ ದಡಕ್ಕೆ ಹಗ್ಗ ಕಟ್ಟಿ ಬರಬೇಕು. ಕಾಲಿಗೆ ರಬ್ಬರ್ ಚಪ್ಪಲಿ ಇರಲೇಬೇಕು, ಬಂಡೆಗಳ ಮೇಲೆ ಮುಳ್ಳಿನ ಕಡಲ ಅರ್ಚಿನ್‌ಗಳಿರುತ್ತವೆ. ಯಾಟ್‌ನಲ್ಲಿ ಉದ್ದದ ಹಗ್ಗ ಇದೆಯಾ ಅಂತ ಲೆಫ್ಕಾಡಾದಲ್ಲೇ ನೋಡಿಕೊಳ್ಳಿ. ನೀರಿನ ಟ್ಯಾಂಕೂ ಅಲ್ಲೇ ತುಂಬಿಸಿಕೊಳ್ಳಿ.

ಮೀನುಗಾರರ ದೋಣಿಗಳ ಜಾಗ ಖಾಲಿ ಕಂಡರೂ ಅಲ್ಲಿ ಕಟ್ಟಬೇಡಿ. ಅವರು ಸಮುದ್ರಕ್ಕೆ ಹೋಗಿರುತ್ತಾರೆ, ವಾಪಸ್ ಬರುತ್ತಾರೆ. ದಕ್ಕೆ ಮೇಲೆ ರಾಶಿ ಹಾಕಿದ ಬಲೆ ತುಳಿಯಬಾರದು, ಸುತ್ತಿಕೊಂಡು ಹೋಗಿ. ಬಂದರು ಅವರ ಹೊಟ್ಟೆಪಾಡು, ನಾವು ಒಂದು ರಾತ್ರಿಗೆ ಬಂದವರು.

ಊಟಕ್ಕೆ ದಕ್ಕೆ ಪಕ್ಕದಲ್ಲಿ ತವೆರ್ನಾಗಳಿವೆ, ಅಂದರೆ ಗ್ರೀಕ್ ಊಟದ ಹೋಟೆಲುಗಳು. ತಾಜಾ ಮೀನಿಗೆ ಬೆಲೆ ಕಿಲೋ ಲೆಕ್ಕದಲ್ಲಿರುತ್ತದೆ. ಮೀನು ಆರಿಸಿ, ನಿಮ್ಮೆದುರೇ ತೂಗಿಸಿ, ಬೆಲೆ ಕೇಳಿಯೇ ಹ್ಞೂಂ ಅನ್ನಿ. ಸಸ್ಯಾಹಾರಿಗಳಿಗೂ ತೊಂದರೆಯಿಲ್ಲ. ಟೊಮೆಟೊ ರಸದಲ್ಲಿ ಬೆಂದ ದಪ್ಪ ಬೀನ್ಸ್ ಕಾಳು ಯಿಗಾಂದೆಸ್, ಬೇಯಿಸಿದ ಸೊಪ್ಪಿಗೆ ನಿಂಬೆರಸ, ಆಲಿವ್ ಎಣ್ಣೆ ಹಾಕಿದ ಹೋರ್ತಾ ಕೇಳಿ. ಬ್ರೆಡ್ ಜೊತೆ ಎರಡೂ ಚೆನ್ನಾಗಿರುತ್ತವೆ. ಸಂಜೆ ಬಂದರಿನ ಉತ್ತರದ ತುದಿಯಲ್ಲಿರುವ, ವೆನಿಸ್ ಆಳ್ವಿಕೆಯ ಕಾಲದ ದೀಪಸ್ತಂಭದವರೆಗೆ ನಡೆದು ಬನ್ನಿ.

ಬೆಳಿಗ್ಗೆ ಹೊರಡುವಾಗ ನಿಮ್ಮ ಸರಪಳಿಯ ಮೇಲೆ ಬೇರೆಯವರ ಸರಪಳಿ ಬಿದ್ದಿರಬಹುದು. ಇಲ್ಲಿ ಅದು ದಿನಾ ನಡೆಯುವಂಥದ್ದು. ಕೂಗಾಡದೆ ಪಕ್ಕದವರನ್ನು ಕರೆದು ನಿಧಾನಕ್ಕೆ ಬಿಡಿಸಿಕೊಳ್ಳಿ. ಬಂದಾಗಲೇ ಜಾಗ ಸಿಗದಿದ್ದರೆ ಸುಮ್ನೆ ಸುತ್ತು ಹಾಕುತ್ತಾ ಹೊತ್ತು ಕಳೆಯಬೇಡಿ. ಇಥಾಕಾದ ಫ್ರಿಕೆಸ್, ಕಿಯೋನಿ ಬಂದರುಗಳು ಹತ್ತಿರವೇ ಇವೆ. ಕೆಫಲೋನಿಯಾದಲ್ಲೇ ದಕ್ಷಿಣಕ್ಕೆ ಹೋದರೆ ಆಯಿಯಾ ಎಫಿಮಿಯಾ ಸಿಗುತ್ತದೆ. ಬೆಳಕಿರುವಾಗಲೇ ಅತ್ತ ಹೊರಡಿ.